ಬೂಟು ಕೇಳದ ಪಡೆ ಮತ್ತು ರೊವೀನಾ ಪ್ಲಂಕೆಟ್

ವಿದೇಶಗಳಿಗೆ ಶಸ್ತ್ರಾಸ್ತ್ರ ಮಾರುವಾಗ ಸಂಸತ್ತು ಎಲ್ಲಿಯವರೆಗೆ ಅಡ್ಡ ಬರಬಹುದು ಎಂಬುದರ ಬಗ್ಗೆ ಭಾಷಣ ಮಾಡಿದವರು, ಪುಸ್ತಕ ಬರೆದವರು ವಾಷಿಂಗ್ಟನ್ನಿನಲ್ಲಿ ಬೇಕಾದಷ್ಟಿದ್ದಾರೆ. ದಿನವೂ ಎಂಟೂವರೆಗೆ ಬಂದು, ಕೋಟು ಕಳಚಿಟ್ಟು, ಕಡತ ಬಿಚ್ಚಿ ನಿಜವಾಗಿ ಅಡ್ಡ ಬಂದವರು ಕೆಲವೇ ಮಂದಿ. ಅವರ ಪೈಕಿ ಶ್ರೀಮತಿ ರೊವೀನಾ ಪ್ಲಂಕೆಟ್ ಅವರದು ಮೊದಲ ಸಾಲಿನ ಹೆಸರು. ಸಂಸತ್ತಿನ ಸಮಿತಿಯೊಂದರ ಸಿಬ್ಬಂದಿಯಾಗಿ ಮೂವತ್ತೊಂದು ವರ್ಷ ದುಡಿದು, ಏಳು ಮಂದಿ ಅಧ್ಯಕ್ಷರನ್ನು ಕಂಡು, ಅವರಲ್ಲಿ ಕನಿಷ್ಠ ಮೂವರಿಗೆ ಅವರ ಕೆಲಸವೇನೆಂದು ತಿಳಿಸಿಕೊಟ್ಟು, ಈ ಜೂನ್‌ನಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಹೊಗಳಿಕೆ ಕೂಡದೆಂದು ಅವರೇ ಈ ಅಭಿನಂದನ ಸಂಪುಟದ ಸಂಪಾದಕರಿಗೆ ಷರತ್ತು ಹಾಕಿದ್ದಾರಂತೆ. ಷರತ್ತು ಹಾಕುವುದು ಅವರ ಕಸುಬು, ಪಾಲಿಸಲು ಪ್ರಯತ್ನಿಸುತ್ತೇನೆ.

ಬೆರಳಚ್ಚುಗಾರ್ತಿಯಾಗಿ ಸೇರಿದ ರೊವೀನಾ ಅವರು ನಾಲ್ಕೇ ವರ್ಷಗಳಲ್ಲಿ ಶಸ್ತ್ರ ಮಾರಾಟದ ಕಡತಗಳ ಹೊಣೆ ಹೊತ್ತರು. ಉಳಿದವರು ಮೇಲಿನ ಪತ್ರ ಓದುತ್ತಿದ್ದರೆ ಅವರು ಕೊನೆಯ ಅನುಬಂಧದಿಂದ ಓದಲು ಶುರುಮಾಡುತ್ತಿದ್ದರು. ಕಾನೂನು ಪದವಿಯ ಜಂಬದೊಂದಿಗೆ ನಾನು ಬಿಸಿಲಿನ ಅರಿಜೋನಾದಿಂದ ಅವರ ಕಚೇರಿಗೆ ಬಂದಿಳಿದದ್ದು ಜನವರಿಯಲ್ಲಿ, ತೆಳ್ಳನೆಯ ಕೋಟೊಂದನ್ನು ತೊಟ್ಟು. ಮೂರನೆಯ ದಿನ ಅವರು ತೀರಿಕೊಂಡ ತಮ್ಮ ಪತಿಯ ಉಣ್ಣೆಯ ಕೋಟನ್ನು ತಂದು ನನ್ನ ಕುರ್ಚಿಯ ಮೇಲೆ ಹಾಕಿದರು. "ಹಾಕ್ಕೊ ಲೋವೆಲ್, ಸತ್ತೋರಿಗೆ ಚಳಿ ಆಗಲ್ಲ" ಎಂದಷ್ಟೇ ಹೇಳಿ ಕೆಲಸಕ್ಕೆ ಕುಳಿತರು. ಆ ಕೋಟು ಈಗಲೂ ನನ್ನ ಬಳಿ ಇದೆ, ತೋಳು ಮಾತ್ರ ಸ್ವಲ್ಪ ಉದ್ದ.

ನಮ್ಮ ಕೆಲಸದ ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕು. ಘೋರ ಹಿಂಸೆ ನಡೆಸಿದ ಸೇನಾ ಘಟಕಕ್ಕೆ ನಮ್ಮ ನೆರವು ಹೋಗಬಾರದೆಂಬುದು ಕಾನೂನು. ಮಾರಾಟದ ಸೂಚನೆ ಬಂದಾಗ ಸಮಿತಿಯ ಅಧ್ಯಕ್ಷರು "ಸ್ವಲ್ಪ ತಾಳಿ" ಎಂದರೆ ಸೂಚನೆ ಕಳಿಸಿದ ವಿದೇಶಾಂಗ ಇಲಾಖೆ ತಾಳುತ್ತದೆಂಬುದು ಬರೀ ರೂಢಿ. ಅದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಅಧ್ಯಕ್ಷರ ಮಾತು ನಿಂತಿರುವವರೆಗೆ ತಡೆಯೂ ನಿಂತಿರುತ್ತದೆ.

ನಾನು ಸೇರಿದ ಎರಡನೆಯ ವರ್ಷ ಒಂದು ದೇಶಕ್ಕೆ ಆರು ಸಾವಿರ ರೈಫಲ್‌ಗಳನ್ನು ಮಾರುವ ಸೂಚನೆ ಬಂತು. ಆ ದೇಶದ ಹೆಸರು ಹೇಳಲು ನನಗೆ ಇಂದಿಗೂ ಅನುಮತಿಯಿಲ್ಲ. ಅದೇ ವಾರ ಅಲ್ಲಿಂದ ತಪ್ಪಿಸಿಕೊಂಡು ಬಂದಿದ್ದ ಒಬ್ಬ ಶಾಲಾ ಶಿಕ್ಷಕಿ ನಮ್ಮ ಕಚೇರಿಗೆ ಬಂದರು. ಆಕೆಯ ಊರಿನ ದೋಣಿ ಕಟ್ಟೆಯ ಬಳಿ ಹದಿನೇಳು ಜನರನ್ನು ನದಿ ಕಾವಲು ಪಡೆ ಗುಂಡಿಕ್ಕಿ ಕೊಂದಿತ್ತು. ಅವರಲ್ಲಿ ಆಕೆಯ ಗಂಡನೂ ಒಬ್ಬ. ತಾಯಿ, ತಂಗಿ, ಇಬ್ಬರು ಮಕ್ಕಳು, ಒಬ್ಬ ತಮ್ಮ ಇನ್ನೂ ಆ ಊರಿನಲ್ಲೇ ಇದ್ದರು.

"ನ್ಯಾಯ ಕೊಡ್ಸಿ ಅಂತ ಕೇಳಕ್ಕೆ ಬಂದಿಲ್ಲ" ಎಂದರು ಆಕೆ. "ಹೊಸ ಬಂದೂಕು ಬಂದ್ರೆ ನದಿ ದಾಟೋ ದಾರಿಯೆಲ್ಲ ಮುಚ್ತಾರೆ. ಒಬ್ಬೊಬ್ಬರನ್ನೇ ಹೊರಗೆ ಕರ್ಕೊಂಡು ಬರ್ಬೇಕು. ನಂಗೆ ಬೇಕಾಗಿರೋದು ಸಮಯ."

ಮಾರಾಟದ ಸೂಚನೆಯಲ್ಲಿ ನದಿ ಕಾವಲು ಪಡೆಯ ಹೆಸರಿರಲಿಲ್ಲ. ರೈಫಲ್‌ಗಳು ಹೋಗುವುದು ಎಂಟು ತಿಂಗಳ ಹಿಂದೆ ಹುಟ್ಟಿದ ಗಡಿ ರಕ್ಷಣಾ ದಳಕ್ಕೆ ಎಂದಿತ್ತು. ನಾನು ಆ ದಳದ ಹೆಸರನ್ನು ದಾಖಲೆಗಳಲ್ಲೆಲ್ಲ ಹುಡುಕಿದೆ. ಒಂದು ದೂರೂ ಸಿಗಲಿಲ್ಲ. "ಆಕ್ಷೇಪವಿಲ್ಲ" ಎಂದು ಟಿಪ್ಪಣಿ ಬರೆದು, ಸಹಿ ಹಾಕಿ, ಟೂನಾ ಸ್ಯಾಂಡ್‌ವಿಚ್ ತಿನ್ನಲು ಹೋದೆ. ಹಿಂತಿರುಗಿದಾಗ ರೊವೀನಾ ಅವರು ಆ ದಳದ ಇದುವರೆಗಿನ ಇಡೀ ಬೇಡಿಕೆ ಪಟ್ಟಿಯನ್ನು ಹಿಡಿದು ಕೂತಿದ್ದರು.

"ಇದ್ರಲ್ಲಿ ಬೂಟು ಎಲ್ಲಯ್ಯಾ?"

"ಬೂಟಾ ಮೇಡಂ?"

"ಹುಟ್ಟಿ ಎಂಟು ತಿಂಗಳಾದ ಪಡೆ ಅಂತ ಬರ್ದಿದೀಯ. ಬೂಟು ಕೇಳಿಲ್ಲ, ಟೋಪಿ ಕೇಳಿಲ್ಲ, ಅಡುಗೆ ಪಾತ್ರೆ ಕೇಳಿಲ್ಲ. ಹಳೇ ಲಾರಿಗಳ ಬಿಡಿಭಾಗ ಮಾತ್ರ ಕೇಳಿದಾರೆ. ನಮ್ಮಪ್ಪ ಇಪ್ಪತ್ತು ವರ್ಷ ಸೈನ್ಯದ ಉಗ್ರಾಣ ನೋಡ್ಕೊಂಡೋರು. ಹೊಸ ಪಡೆ ಬಂದ್ರೆ ಮೊದ್ಲು ಬೂಟಿಗೆ ಜಗಳ ಆಡತ್ತೆ, ಬಂದೂಕಿನ ಮಾತು ಆಮೇಲೆ. ನಿಮ್ಮ ಕಾನೂನು ಕಾಲೇಜಲ್ಲಿ ಬೂಟಿನ ಪಾಠ ಇರ್ಲಿಲ್ವೇನೋ!"

ನನ್ನ ಮುಖ ಕೆಂಪಾಯಿತು. ಮರುದಿನ ಇಲಾಖೆಯ ಸ್ಟ್ರೌಡ್ ಅವರು ಸಹಾಯಕರೊಂದಿಗೆ ಬಂದಾಗ ರೊವೀನಾ ಅವರು ಒಂದೇ ಪ್ರಶ್ನೆ ಕೇಳಿದರು: ಈ ದಳದ ಬ್ಯಾರಕ್‌ನಲ್ಲಿ ಮೊದಲು ಯಾರಿದ್ದರು?

"ನದಿ ಕಾವಲು ಪಡೆ ಇತ್ತು. ಅದನ್ನ ವಿಸರ್ಜನೆ ಮಾಡಿದಾರಲ್ಲ" ಎಂದರು ಸ್ಟ್ರೌಡ್.

"ಸರಿ. ಆ ಜನ ಮನೆಗೆ ಹೋದ್ರಾ, ಇಲ್ಲ ಹೊರಗಿನ ಬೋರ್ಡು ಬದಲಾಯಿಸಿ ಅದೇ ಮಂಚದ ಮೇಲೆ ಮಲಗಿದ್ರಾ?"

ಸ್ಟ್ರೌಡ್ ಅವರು ಕಾಗದ ತಿರುವಿದರು. ವಿಚಾರಿಸಿ ತಿಳಿಸುತ್ತೇವೆಂದು ಎದ್ದರು. ಆ ಮಧ್ಯಾಹ್ನವೇ ಅಧ್ಯಕ್ಷರು ತಡೆ ಹಾಕಿದರು. ನನ್ನ ಟಿಪ್ಪಣಿಯನ್ನು ರೊವೀನಾ ಅವರು ಹರಿಯಲಿಲ್ಲ, ಯಾರಿಗೂ ತೋರಿಸಲೂ ಇಲ್ಲ. "ಹೊಸದಾಗಿ ಬರಿ" ಎಂದು ಹಿಂದಿರುಗಿಸಿದರು. ಆ ಕ್ಷಣದಲ್ಲಿ ಅವರ ಬಗ್ಗೆ ನನಗೆ ಹುಟ್ಟಿದ ಪ್ರೀತಿಯನ್ನು ಈ ಔಪಚಾರಿಕ ಲೇಖನದಲ್ಲೂ ಮುಚ್ಚಿಡಲಾರೆ.

ತಡೆ ಹನ್ನೊಂದು ತಿಂಗಳು ನಿಂತಿತು. ಇಲಾಖೆಯವರು ಪ್ರತಿ ತಿಂಗಳೂ ಬಂದರು, ಕಾರ್ಖಾನೆಯವರು ಬಂದರು, ಕಾರ್ಖಾನೆಯಿರುವ ಊರಿನ ಸಂಸದರು ಬಂದರು. ರೊವೀನಾ ಅವರು ಎಲ್ಲರಿಗೂ ಕಾಫಿ ಕೊಟ್ಟು ಅದೇ ಪ್ರಶ್ನೆ ಕೇಳಿ ಕಳಿಸಿದರು. ಚುನಾವಣೆಯ ನಂತರ ಹೊಸ ಅಧ್ಯಕ್ಷರು ಬಂದು, ಸಾಕ್ಷ್ಯ ಸಾಲದೆಂಬ ಇಲಾಖೆಯ ಮಾತನ್ನು ಒಪ್ಪಿ ತಡೆ ತೆಗೆದರು. ರೈಫಲ್‌ಗಳು ಹೋದವು. ಈ ಸಂಪುಟದಲ್ಲಿ ಗೆಲುವಿನ ಕಥೆಗಳು ಬೇರೆಯವರ ಲೇಖನಗಳಲ್ಲಿ ಸಾಕಷ್ಟು ಸಿಗುತ್ತವೆ, ಇದು ಅವುಗಳಲ್ಲೊಂದಲ್ಲ.

ಶಿಕ್ಷಕಿಗೆ ಈ ಸುದ್ದಿ ಪತ್ರಿಕೆಯಿಂದ ತಿಳಿಯಬಾರದೆಂದು ರೊವೀನಾ ಅವರೇ ಫೋನ್ ಮಾಡಿದರು. ತಾಯಿ, ತಂಗಿ, ಮಕ್ಕಳು ಅಷ್ಟರಲ್ಲಿ ನದಿ ದಾಟಿದ್ದರು. ತಮ್ಮ ಮಾತ್ರ ಎಲ್ಲರನ್ನೂ ದಾಟಿಸಿ ಕೊನೆಗೆ ಬರುತ್ತೇನೆಂದು ಅಲ್ಲೇ ಉಳಿದಿದ್ದ. ರೈಫಲ್‌ಗಳು ಹೋದ ಆ ಚಳಿಗಾಲದ ನಂತರ ಅವನ ಸುದ್ದಿ ಬರಲಿಲ್ಲ.

ಈ ಲೇಖನದ ಕರಡಿನಲ್ಲಿ ನಾನು "ನಾಲ್ಕು ಜೀವಗಳನ್ನು ಉಳಿಸಿದ ಧೀಮಂತೆ" ಎಂದು ಬರೆದಿದ್ದೆ. ಸಂಗತಿಗಳು ಸರಿಯಿವೆಯೇ ಎಂದು ನೋಡಲು ಅವರಿಗೆ ಕೊಟ್ಟೆ. ಸೀಸದ ಕಡ್ಡಿಯಿಂದ ಆ ಸಾಲನ್ನು ಹೊಡೆದು ಹಾಕಿದರು.

"ಹೊಗಳಿಕೆ ಅಂತ ಹೊಡೆದ್ರಾ ಮೇಡಂ?"

"ಅಲ್ಲ. ಲೆಕ್ಕ ತಪ್ಪಿದೆ. ಅವರು ಐದು ಜನ ಇದ್ರು."

ನಿವೃತ್ತಿಯ ನಂತರ ಪ್ರತಿ ಗುರುವಾರ, ಕಾಣೆಯಾದವರನ್ನು ಹುಡುಕುವ ಪುಟ್ಟ ಸಂಸ್ಥೆಯೊಂದರಲ್ಲಿ ಅವರು ಸಂಬಳವಿಲ್ಲದೆ ಕೂರಲಿದ್ದಾರೆ. ಮೊದಲ ಕಡತ ಯಾರದೆಂದು ನಾನು ಕೇಳಲಿಲ್ಲ. ನಮ್ಮ ಪೂಜ್ಯ ಹಿರಿಯರಿಗೆ ಆಯುರಾರೋಗ್ಯ ಒದಗಲಿ, ಕಣ್ಣು ಚುರುಕಾಗಿರಲಿ. ಆ ತಮ್ಮ ಸಿಗುವ ದಿನದವರೆಗಾದರೂ ಅವರು ಬಾಳಲಿ.