ತಪ್ಪನ್ನು ತಪ್ಪಾಗಿಯೇ ಓದಿದ ಸಂಜೆಗಳು

ಇಂಗ್ಲಿಷ್ ವಾಕ್ಯದಲ್ಲಿ ತಪ್ಪು ಹುಡುಕುವುದು ಕಣ್ಣಿನ ಕೆಲಸ ಎಂದೇ ತಿಳಿದಿದ್ದೆ, ಅಕ್ಕನ ಪರಿಚಯವಾಗುವವರೆಗೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಔರಾದ ಕಡೆಯವರು, ಹುಟ್ಟಿನಿಂದಲೇ ಕಣ್ಣು ಕಾಣದವರು. ಡಿಗ್ರಿ ಮುಗಿಸಿ, ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಹಿಂದೆ ಒಂದು ಬಾಡಿಗೆ ಖೋಲಿ ಹಿಡಿದು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದರು. ವಯಸ್ಸಿನ ಮಿತಿ ದಾಟುವ ಮುನ್ನ ಅವರಿಗೆ ಉಳಿದಿದ್ದು ಅದೊಂದೇ ಪರೀಕ್ಷೆ. ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳಿ, ಅವರು ಹೇಳಿದ ಉತ್ತರವನ್ನು ಕಂಪ್ಯೂಟರಿನಲ್ಲಿ ಒತ್ತಲು ಒಬ್ಬರು ಬೇಕಿತ್ತು. ಭಾಲ್ಕಿಯಿಂದ ಬಂದು ಡಿಗ್ರಿ ಮೊದಲ ವರ್ಷದಲ್ಲಿದ್ದ ನಾನು, ನನ್ನ ಇಂಗ್ಲಿಷ್ ಮೇಲಿನ ಜಂಬದಿಂದ ತಕ್ಷಣ ಹೂಂ ಎಂದೆ.

ದಿನಾ ಸಂಜೆ ಗಂಜಿನ ಲಾರಿಗಳ ಗದ್ದಲದ ನಡುವೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಓದಿ ಹೇಳುತ್ತಿದ್ದೆ. ಲೆಕ್ಕದಲ್ಲಿ ಅಕ್ಕ ಚುರುಕು. ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಮಾತ್ರ ಎಡವುತ್ತಿದ್ದರು. "ಇದರಾಗ ತಪ್ಪೇ ಇಲ್ಲ" ಎನ್ನುತ್ತಿದ್ದರು. ಉತ್ತರ ನೋಡಿದರೆ ತಪ್ಪು ಇರುತ್ತಿತ್ತು. ಒಂದು ಸಂಜೆ ನನ್ನನ್ನು ತಡೆದು ಕೇಳಿದರು:

"ತಂಗಿ, ಹಾಳ್ಯಾಗ ಏನ್ ಅದ ಅದನ್ನೇ ಓದ್ಲಿಕತ್ತಿದಿ ಏನು?"

"ಹೌದ್ರಿ ಅಕ್ಕಾ."

"ಬೆರಳಿಟ್ಟು ಓದು ನೋಡೋಣು."

ಬೆರಳಿಟ್ಟೆ. ಹಾಳೆಯಲ್ಲಿ 'ಈಚ್ ಆಫ್ ದಿ ಬಾಯ್ಸ್ ಹ್ಯಾವ್' ಎಂದಿತ್ತು. ನಾನು 'ಹ್ಯಾಸ್' ಎಂದು ಓದಿದ್ದೆ. ಇಷ್ಟು ದಿನವೂ ನನಗೇ ಗೊತ್ತಿಲ್ಲದೆ ನನ್ನ ನಾಲಿಗೆ ತಪ್ಪುಗಳನ್ನು ತಿದ್ದಿ ತಿದ್ದಿ ಅವರ ಮುಂದಿಟ್ಟಿತ್ತು. ನಾಚಿಕೆಯಿಂದ ಮುಖ ಬಿಸಿಯಾಯಿತು. ಅಕ್ಕ ನಕ್ಕುಬಿಟ್ಟರು.

"ನೀ ಭಾಳ ಶಾಣ್ಯಾಕಿ, ಅದೇ ಫಜೀತಿ ಆಗ್ಯದ. ಇನ್ಮ್ಯಾಲ ದಡ್ಡರಂಗ ಓದು."

ದಡ್ಡಿಯಾಗುವುದು ಅಷ್ಟು ಸುಲಭವಿರಲಿಲ್ಲ. ಒಂದೊಂದು ಪದಕ್ಕೂ ಬೆರಳಿಟ್ಟು, ಒಂದನೇ ತರಗತಿಯ ಮಗುವಿನಂತೆ ಓದುವುದನ್ನು ಕಲಿತೆ.

ಪರೀಕ್ಷೆಯ ದಿನ ಹೊತ್ತು ಓಡುತ್ತಿತ್ತು, ನಾನೂ ಓಡುತ್ತಿದ್ದೆ. ತಪ್ಪು ಹುಡುಕಲೆಂದು ನಾಲ್ಕು ತುಂಡು ಮಾಡಿ ಕೊಟ್ಟಿದ್ದ ಒಂದು ವಾಕ್ಯ ಮುಗಿಸುತ್ತಲೇ ಅಕ್ಕ ತಲೆ ಓರೆ ಮಾಡಿದರು.

"ಮೂರನೇ ತುಂಡು ಮತ್ತ ಓದು. ಅಲ್ಲಿ ಅವಸರ ಮಾಡಿದಿ."

ಪರದೆಯ ಮೇಲೆ ಬೆರಳಿಟ್ಟು ನೋಡಿದೆ. ಮತ್ತೆ ತಿದ್ದಿಬಿಟ್ಟಿದ್ದೆ. ತಪ್ಪು ಅಲ್ಲೇ ಇತ್ತು. ನನ್ನ ಕಣ್ಣೆದುರೇ ಇದ್ದದ್ದು ನನಗೆ ಕಾಣದೆ, ನನ್ನ ದನಿಯಲ್ಲಿ ಅವರಿಗೆ ಸಿಕ್ಕಿತ್ತು. ಅಂಥ ಕಿವಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಪಾಸಾದ ಸುದ್ದಿಯನ್ನು ಅಕ್ಕನೇ ಫೋನಿನಲ್ಲಿ ಹೇಳಿದರು. ಕೆಲಸ ಹುಬ್ಬಳ್ಳಿಯಲ್ಲಿ, ಮುಂದಿನ ವಾರವೇ ಹೊರಡಬೇಕು.

"ಭಾಳ ಖುಷಿ ಆತ್ರಿ ಅಕ್ಕಾ" ಎಂದೆ.



"ಮತ್ತ ಹೇಳು ತಂಗಿ. ಅವಸರ ಮಾಡಿದಿ."

ಮತ್ತೆ ಹೇಳಲು ಹೋದೆ.

"ನೀವು ಹೋದ್ರ ಸಂಜಿಗಿ ನಾ ಯಾರಿಗಿ ಓದ್ಲಿರಿ?" ಎಂದೆ.