ಗಾಜಿನ ಗೂಡಿನೊಳಗಿನ ಘಾಟಿ

ಎರ್ರಿಯಪ್ಪನನ್ನು ಸುಮಲತಾ ಮೊದಲು ನೋಡಿದ್ದು ೨೦೦೭ರ ಸಂಕ್ರಾಂತಿ ಮುಗಿದ ವಾರ, ಒಂದು ಮಂಗಳವಾರ, ಬೆಳಗಿನ ಹನ್ನೊಂದರ ಸುಮಾರಿಗೆ. ಚಿತ್ತವಾಡ್ಗಿಯ ಗೇಮ್ ಅಂಗಡಿಯಲ್ಲಿ ಅವಳು ಒದ್ದೆ ಬಟ್ಟೆಯಿಂದ ಕೀಬೋರ್ಡುಗಳನ್ನು ಒರೆಸುತ್ತಿದ್ದಳು. ದಿನಕ್ಕೆ ಎರಡು ಸಲ ಒರೆಸದಿದ್ದರೆ ಅದಿರಿನ ಲಾರಿಗಳು ಎಬ್ಬಿಸುವ ಕೆಂಪು ಧೂಳಿನಲ್ಲಿ ಅಕ್ಷರಗಳೇ ಮುಚ್ಚಿಹೋಗುತ್ತಿದ್ದವು. ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದರೆ, ನಲವತ್ತೈದು ದಾಟಿದ ಗಂಡಸು. ಖಾಕಿ ಅಂಗಿ, ಹೆಗಲ ಮೇಲೆ ಟವಲ್ಲು, ಎಡಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಹೊಲಿಗೆಯ ಗುರುತು. ಅವನು ಚಪ್ಪಲಿಯನ್ನು ಹೊಸ್ತಿಲ ಹೊರಗೆ ಜೋಡಿಸಿಟ್ಟು ಒಳಗೆ ಬಂದ. ಆ ಅಂಗಡಿಗೆ ಚಪ್ಪಲಿ ಬಿಟ್ಟು ಬಂದವರನ್ನು ಅವಳು ಅದುವರೆಗೆ ಕಂಡಿರಲಿಲ್ಲ.

"ಲಾರಿ ಆಟ ಐತಂತಲ್ಲ ತಂಗೀ, ಇಲ್ಲಿ?"

"ಐತ್ರಿ. ಯಾರಿಗ್ರಿ, ಮಕ್ಕಳಿಗೇನು?"

"ನನಗ."

ಅಂಗಡಿ ಸುಮಲತಾಳ ಸೋದರಮಾವ ಜಂಬುನಾಥನದು. ಮೊದಲು ಅದು ಎಸ್‌ಟಿಡಿ ಬೂತ್ ಆಗಿತ್ತು. ಎಲ್ಲರ ಜೇಬಿಗೂ ಮೊಬೈಲ್ ಬಂದ ಮೇಲೆ ಜಂಬುನಾಥ ಫೋನು ಕಿತ್ತು ನಾಲ್ಕು ಕಂಪ್ಯೂಟರ್ ಹಾಕಿಸಿದ. ಫೋನಿನ ಗಾಜಿನ ಗೂಡನ್ನು ಮಾತ್ರ ಕೀಳಲಿಲ್ಲ. ಅದರೊಳಗೆ ಒಂದು ಕಂಪ್ಯೂಟರ್, ಸ್ಟೇರಿಂಗು, ಪಕ್ಕದಲ್ಲಿ ಪುಟ್ಟ ಗೇರು, ಕಾಲಿಗೆ ಪೆಡಲು, ಕೂರಲು ಗುಜರಿಯಿಂದ ತಂದ ಲಾರಿ ಸೀಟು. ಮರಿಯಮ್ಮನಹಳ್ಳಿ ಕಡೆಯ ಹಳ್ಳಿಯಿಂದ ಬಂದು, ಮನೆತನದಲ್ಲೇ ಮೊದಲಿಗಳಾಗಿ ಬಿ.ಎ. ಮುಗಿಸಿದ್ದ ಸುಮಲತಾ, ಕೆಲಸ ಸಿಗುವವರೆಗೆ ಎಂದು ಅಂಗಡಿ ನೋಡಿಕೊಳ್ಳುತ್ತಿದ್ದಳು. ತೆರೆಯ ಮೇಲಿನ ಇಂಗ್ಲಿಷು ಡ್ರೈವರುಗಳಿಗೆ ತಿಳಿಯದೆಂದು ಚೀಟಿಗಳಲ್ಲಿ ಕನ್ನಡ ಬರೆದು ಗಾಜಿಗೆ ಅಂಟಿಸಿದ್ದಳು: ಸುಲಭ, ಮಧ್ಯಮ, ಕಠಿಣ.

ಆಟವೆಂದರೆ, ಹೇರು ತುಂಬಿದ ಲಾರಿಯನ್ನು ಬೆಟ್ಟದ ತುದಿಯಿಂದ ಕೆಳಗಿನ ಊರಿಗೆ ಇಳಿಸುವುದು. ಸುಲಭದಲ್ಲಿ ಗೇರನ್ನು ಕಂಪ್ಯೂಟರೇ ಬದಲಿಸುತ್ತದೆ. ಕಠಿಣದಲ್ಲಿ ಎಲ್ಲವೂ ಕೂತವನ ಕೈಯಲ್ಲೇ. ಬ್ರೇಕನ್ನು ಒತ್ತುತ್ತಲೇ ಇದ್ದರೆ ಕಾದು ಹಿಡಿತ ಬಿಟ್ಟುಬಿಡುತ್ತದೆ.

"ಯಾವುದು ಹಚ್ಚಲ್ರಿ? ಸುಲಭದ್ದು?"

"ಖರೇ ಲಾರಿ ಇದ್ದಂಗ ಯಾವುದೈತಿ?"

"ಕಠಿಣದ್ದಂತಾರ್ರಿ."

"ಅದನ್ನ ಹಚ್ಚು."

ಮೂರನೇ ತಿರುವಿನಲ್ಲಿ ಲಾರಿ ಕಣಿವೆಗೆ ಬಿತ್ತು. ತೆರೆ ಕೆಂಪಾಯಿತು. ಅವನು ಸ್ಟೇರಿಂಗ್ ಬಿಟ್ಟು, ಎರಡೂ ಅಂಗೈಗಳನ್ನು ಟವಲ್ಲಿಗೆ ಒರೆಸಿಕೊಂಡ. "ಮತ್ತ ಹಚ್ಚು ತಂಗೀ." ಮತ್ತೆ ಮೂರನೇ ತಿರುವು, ಮತ್ತೆ ಕಣಿವೆ. ಹನ್ನೊಂದು ಸಲ ಬಿದ್ದ. ಹನ್ನೊಂದು ಸಲವೂ ಅಂಗೈ ಒರೆಸಿಕೊಂಡ. ಎದ್ದು ಚಪ್ಪಲಿ ಮೆಟ್ಟಿ, "ನಾಳೆ ಬರ್ತೀನವಾ" ಎಂದು ಹೋದ.

ಸೋತವರು ಏನೇನು ಮಾಡುತ್ತಾರೆಂಬುದನ್ನು ಸುಮಲತಾ ಒಂದು ವರ್ಷದಿಂದ ನೋಡಿದ್ದಳು. ಲೋಡಿಗಾಗಿ ತಾಸುಗಟ್ಟಲೆ ಕಾಯುವ ಡ್ರೈವರುಗಳೇ ಅಂಗಡಿಗೆ ಗಿರಾಕಿಗಳು. ಪಾಲಪ್ಪನೆಂಬ ಡ್ರೈವರು ಸೋತಾಗಲೆಲ್ಲ ಸ್ಟೇರಿಂಗನ್ನು ಗುದ್ದಿ, "ಈ ಮಷೀನಿಗೆ ಹಗೆತನ ಐತಲೇ ನನ್ನ ಮ್ಯಾಲ!" ಎನ್ನುತ್ತಿದ್ದ. ಕೆಲವರು ಮೆಲ್ಲಗೆ ಸುಲಭಕ್ಕೆ ಇಳಿದು, ಹೊರಗೆ ಹೋಗಿ ಕಠಿಣ ಗೆದ್ದೆ ಎಂದು ಬಡಾಯಿ ಕೊಚ್ಚುತ್ತಿದ್ದರು. ಕಂಪ್ಲಿಯ ಒಬ್ಬನು ಗುಟ್ಟಿನ ಅಕ್ಷರಗಳನ್ನು ಕಲಿತುಬಂದು, ಅವುಗಳನ್ನು ಒತ್ತಿ, ಲಾರಿ ಕಣಿವೆಯ ಮೇಲೆ ತೇಲಿಹೋಗುವಂತೆ ಮಾಡಿದ್ದ. ಎರಡು ದಿನ ಎಲ್ಲರೂ ಕೇಕೆ ಹಾಕಿ ನೋಡಿದರು. ಮೂರನೇ ದಿನ ಅವನಿಗೇ ಬೇಸರವಾಗಿ ಬರುವುದನ್ನು ಬಿಟ್ಟ. ಆದರೆ ಸಿಟ್ಟೂ ಇಲ್ಲದೆ, ನೆಪವೂ ಇಲ್ಲದೆ, ಬಿದ್ದಲ್ಲಿಂದಲೇ ದಿನವೂ ಎದ್ದು ಕೂರುವವನನ್ನು ಅವಳು ನೋಡಿರಲಿಲ್ಲ. ಅವಳು ಲೆಕ್ಕ ಇಡದಿದ್ದರೂ ಇನ್ನೂರು ಸಲವಾದರೂ ಅವನು ಬಿದ್ದಿರಬೇಕು.

ಪಾಲಪ್ಪನಿಂದಲೇ ಅವಳಿಗೆ ವಿಷಯ ತಿಳಿಯಿತು. ಎರ್ರಿಯಪ್ಪ ಇಪ್ಪತ್ತು ವರ್ಷ ಲಾರಿ ಓಡಿಸಿದವನು. ದಸರೆಗೆ ಮುಂಚೆ ಸಂಡೂರಿನ ಘಾಟಿಯಲ್ಲಿ ಅವನ ಲಾರಿ ಬ್ರೇಕ್ ಫೇಲಾಗಿ ಪಲ್ಟಿಯಾಗಿತ್ತು. ಕ್ಲೀನರನ ಕಾಲು ಮುರಿಯಿತು, ಇವನ ಕೈ ಸೀಳಿತು. ಕೈ ಕೂಡಿತು, ಆದರೆ ಘಾಟಿಗೆ ಗಾಡಿ ಒಯ್ಯುವ ಧೈರ್ಯ ಬರಲಿಲ್ಲ. ಈಗ ಬೇರೆಯವರ ಲಾರಿ ತೊಳೆದು ದಿನ ದೂಡುತ್ತಾನೆ. ಮಾಲೀಕ ಶಂಭುಲಿಂಗ ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ಗಾಡಿ ಬೇರೆಯವರಿಗೆ ಎಂದಿದ್ದ.

"ಡ್ರೈವರು ಪರೀಕ್ಷಾಕ್ಕ ಕುಂತಾನ್ರಲೇ," ಎಂದು ಪಾಲಪ್ಪ ಗೂಡಿನ ಗಾಜು ತಟ್ಟಿ ನಗಾಡಿದ. "ಪಾಸಾದ್ರ ಎಸ್ಸೆಲ್ಸಿ ಸರ್ಟಿಫಿಕೇಟ್ ಕೊಡ್ತಾರಂತ!"

"ನೀ ಎಷ್ಟ್ರಾಗ ಫೇಲಾದಿ ಪಾಲಪ್ಪ?" ಎಂದ ಎರ್ರಿಯಪ್ಪ, ತಿರುಗಿಯೂ ನೋಡದೆ.

"ಏಳ್ನೇ ಕ್ಲಾಸಿನ್ಯಾಗ."

"ಹಂಗಾರ ಸುಮ್ನ ನಿಂದ್ರು. ನಾ ಎಂಟ್ನೇ ಕ್ಲಾಸಿನ್ಯಾಗ ಅದೀನಿ."

ಯುಗಾದಿಯ ಹಿಂದಿನ ದಿನ ಮಧ್ಯಾಹ್ನವೂ ಅವನು ಬಂದ. ಆ ಹೊತ್ತಿಗೆ ಸುಮಲತಾಳ ಮನಸ್ಸು ತಡೆಯದಾಯಿತು. ಪರೀಕ್ಷೆಯಲ್ಲಿ ಎರಡು ಅಂಕ ಕಡಿಮೆಯಾದರೆ ಮೇಷ್ಟ್ರು ಕೂಡಿಸಿ ಪಾಸು ಮಾಡುವುದಿಲ್ಲವೇ? ಅವನು ನೀರು ಕುಡಿಯಲು ಎದ್ದಾಗ ಅವಳು ಒಂದು ಗುಂಡಿ ಒತ್ತಿ ಆಟವನ್ನು ಸುಲಭಕ್ಕೆ ಇಳಿಸಿದಳು. ಎರ್ರಿಯಪ್ಪ ಕೂತ. ಮೂರನೇ ತಿರುವು ದಾಟಿತು, ನಾಲ್ಕು, ಐದು... ಲಾರಿ ಊರು ಮುಟ್ಟಿತು. ಅವನು ಬಹಳ ಹೊತ್ತು ಸ್ಟೇರಿಂಗ್ ಬಿಡಲಿಲ್ಲ. ಆಮೇಲೆ ಹೊರಗೆ ಬಂದು ಅಂಗಡಿಯಲ್ಲಿದ್ದವರಿಗೆಲ್ಲ ಮಿರ್ಚಿ ಮಂಡಕ್ಕಿ ತರಿಸಿದ.

"ನಾಳೆ ಗಾಡಿ ಹತ್ತತೀನಿ ತಂಗೀ. ಘಾಟಿಗೇ ಹೊಂಟೀನಿ."

ಸುಮಲತಾಳಿಗೆ ಆಗ ಅರಿವಾಯಿತು. ತಾನು ಕೂಡಿಸಿದ್ದು ಎರಡು ಅಂಕವಲ್ಲ. ಹದಿನಾರು ಟನ್ ಅದಿರನ್ನು ನಿಜವಾದ ಕಣಿವೆಯ ಅಂಚಿನಲ್ಲಿ ಇಳಿಸಲು ಒಬ್ಬ ಮನುಷ್ಯನಿಗೆ ಸುಳ್ಳು ಧೈರ್ಯ ಕೊಟ್ಟಿದ್ದಳು.

ಯುಗಾದಿಯ ಬೆಳಿಗ್ಗೆ ಎಣ್ಣೆ ನೀರೆರೆದುಕೊಂಡು, ಬೇವು ಬೆಲ್ಲವನ್ನೂ ಬಾಯಿಗಿಡದೆ, ಆಟೋ ಹಿಡಿದು ಲಾರಿ ಸ್ಟ್ಯಾಂಡಿಗೆ ಹೋದಳು. ಲಾರಿಗೆ ಮಾವಿನೆಲೆ ಕಟ್ಟಿದ್ದರು. ಗಾಲಿಗಳ ಕೆಳಗೆ ನಿಂಬೆಹಣ್ಣು. ಎರ್ರಿಯಪ್ಪ ಆಗಲೇ ಮೇಲೆ ಕೂತಿದ್ದ.

"ಎರ್ರಿಯಪ್ಪಣ್ಣ, ಇಳೀರಿ!" ಎಂದಳು. "ನಿನ್ನೆ ನೀವು ಗೆದ್ದದ್ದು ಕಠಿಣದ್ದಲ್ಲ. ನಾನು ಸುಲಭದ್ದು ಹಚ್ಚಿದ್ದೆ. ತಪ್ಪಾತ್ರಿ."

ಬೈಯುತ್ತಾನೆ ಎಂದುಕೊಂಡಳು. ಅವನು ಅವಳ ಮುಖವನ್ನೊಮ್ಮೆ ನೋಡಿದ. ಇಗ್ನಿಷನ್ನಿನಿಂದ ಕೀಲಿ ತೆಗೆದ. ಮೆಲ್ಲಗೆ ಇಳಿದು ಅದನ್ನು ಪೂಜೆಗೆ ಬಂದಿದ್ದ ಮಾಲೀಕ ಶಂಭುಲಿಂಗನ ಕೈಗಿಟ್ಟ.

"ಇವತ್ತು ಬ್ಯಾಡ್ರಿ ಸಾಹುಕಾರ್ರ. ಪಾಸಾಗಿಲ್ಲ ನಾನು."

"ಏನಪಾ, ಪೂಜೆ ಆದ ಗಾಡಿ ಇಳೀತಿ! ಹುಡುಗ್ರ ಆಟ ನೋಡಿ ಬದುಕು ಮಾಡ್ತೀಯೇನು?" ಎಂದ ಶಂಭುಲಿಂಗ. "ಇವತ್ತ ಇಳದ್ರ ಈ ಗಾಡಿ ನಿಂದಲ್ಲ, ನೋಡು."

"ಹೌದ್ರಿ."

ಸುತ್ತ ನಿಂತವರು ನಕ್ಕರು. ಎರ್ರಿಯಪ್ಪ ಆ ನಗುವಿನ ನಡುವೆಯೇ ನಡೆದು ಬಂದ. ಇಪ್ಪತ್ತು ವರ್ಷದ ಡ್ರೈವರು ಅಷ್ಟು ಜನರ ಮುಂದೆ ತನಗೆ ಬರುವುದಿಲ್ಲ ಎಂದು ಹೇಳುವುದನ್ನು ಸುಮಲತಾ ಅದೇ ಮೊದಲ ಸಲ ಕೇಳಿದಳು.

ಮರುದಿನ ಹನ್ನೊಂದಕ್ಕೆ ಅವನು ಬಂದ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ.

"ಸುಲಭ ಮಾಡಬ್ಯಾಡ ತಂಗೀ. ನಂದು ನನಗ ಬಿಡು," ಎಂದು ಕೂತವನು ಏನನ್ನೋ ನೆನಪಿಸಿಕೊಂಡು ತಿರುಗಿದ. "ಸುಲಭದಾಗ ಗೇರು ಯಾರು ಹಾಕತಾರ?"

"ಕಂಪ್ಯೂಟರ್ರ ಹಾಕತೈತ್ರಿ."

"ಎಲ್ಲಿ ಹಾಕತೈತಿ, ತೋರಿಸು."

ಅವಳು ಸುಲಭವನ್ನು ಹಚ್ಚಿದಳು. ಇಬ್ಬರೂ ತೆರೆಯ ಮೂಲೆಯಲ್ಲಿದ್ದ ಗೇರಿನ ಸಣ್ಣ ಅಂಕಿಯನ್ನೇ ನೋಡಿದರು. ಬೆಟ್ಟದ ನೆತ್ತಿಯಲ್ಲಿ, ಮೊದಲ ತಿರುವು ಇನ್ನೂ ಕಣ್ಣಿಗೇ ಬೀಳದಿರುವಾಗ, ನಾಲ್ಕಿದ್ದದ್ದು ಎರಡಾಯಿತು. ಕೊನೆಯವರೆಗೂ ಎರಡೇ ಇತ್ತು.

ಎರ್ರಿಯಪ್ಪ ತನ್ನ ಎಡಗೈಯನ್ನು ದಿಟ್ಟಿಸಿದ. "ಈಗ ಕಠಿಣದ್ದು ಹಚ್ಚು. ನಾ ಓಡಸ್ತೀನಿ, ನೀ ರಸ್ತಾ ನೋಡಬ್ಯಾಡ, ನನ್ನ ಕೈ ನೋಡು."

ಅವಳು ಕೈ ನೋಡಿದಳು. ಬೆಟ್ಟದ ನೆತ್ತಿ ದಾಟಿದ ಕೂಡಲೇ ಆ ಕೈ ತನ್ನಷ್ಟಕ್ಕೆ ತಾನು ಗೇರನ್ನು ನಡುವಿಗೆ ತಂದು ಬಿಟ್ಟಿತು. "ನ್ಯೂಟ್ರಲ್ ಆತ್ರಿ!" ಎಂದಳು. ಮೂರನೇ ತಿರುವಿನಲ್ಲಿ ಲಾರಿ ಬಿತ್ತು.

ಅವನು ಅಂಗೈ ಒರೆಸಿಕೊಳ್ಳುವುದನ್ನೂ ಮರೆತ. ಪಾಲಪ್ಪ ಗೂಡಿನ ಬಾಗಿಲಿಗೆ ಬಂದು ನಿಂತಿದ್ದ. ಎರ್ರಿಯಪ್ಪ ಅವನಿಗೂ ಕೇಳುವಂತೆ ಹೇಳಿದ: "ಬ್ರೇಕ್ ಫೇಲಾಗಿದ್ದಿಲ್ಲಲೇ ಪಾಲಪ್ಪ. ಡೀಸೆಲ್ ಉಳಸಾಕ ನ್ಯೂಟ್ರಲ್ ಮಾಡಿ ಬಿಟ್ಟಿದ್ದೆ. ಎಂಜಿನ್ ಹಿಡೀಲಿಲ್ಲ, ಅಷ್ಟೂ ಭಾರ ಬ್ರೇಕಿನ ಮ್ಯಾಲ ಬಿತ್ತು. ಕಾದು ಹೋತು. ಬ್ರೇಕ್ ಫೇಲು ಅಂತ ಎಲ್ಲಾರಿಗೂ ಹೇಳಿ ಹೇಳಿ, ನಾನೂ ಅದನ್ನ ನಂಬಿಬಿಟ್ಟೆ."

ಪಾಲಪ್ಪ ನಗಲಿಲ್ಲ. ಮಾಲೀಕರು ಒಂದು ಟ್ರಿಪ್ಪಿಗೆ ಇಷ್ಟೆಂದು ಗೊತ್ತುಮಾಡಿ ಕೊಟ್ಟ ಡೀಸೆಲ್ಲಿನಲ್ಲಿ ಉಳಿದದ್ದು ಡ್ರೈವರಿಗೆ ಸೇರುವುದು ಆ ಕಾಲದ ರೂಢಿ. ಇಳಿಜಾರಿನಲ್ಲಿ ಗೇರು ಬಿಡದ ಡ್ರೈವರೇ ಇರಲಿಲ್ಲ. "ನಾವೆಲ್ಲಾರೂ ಹಂಗ ಇಳಸ್ತೀವಲ್ಲಣ್ಣ," ಎಂದ, ಮೆಲ್ಲಗೆ.

"ಹೌದು. ನಾನು ತಿರುವಿನಾಗ ತಪ್ಪು ಹುಡುಕ್ತಿದ್ದೆ. ತಿರುವಿನಾಗ ಏನೂ ಇಲ್ಲ. ತಪ್ಪು ನೆತ್ತಿಮ್ಯಾಲ ಆಗತೈತಿ, ಬೀಳೂದು ಕೆಳಗ."

ತಿಳಿದ ಮಾತ್ರಕ್ಕೆ ಕೈ ಆ ಚಾಳಿ ಬಿಡಲಿಲ್ಲ. ಇಪ್ಪತ್ತು ವರ್ಷದ ರೂಢಿ ಅದು. ಗೇರಿನ ಮೇಲಿಟ್ಟ ಕೈಯನ್ನು ತಡೆಯಲು ಎರ್ರಿಯಪ್ಪನಿಗೆ ಇನ್ನೂ ಹದಿನಾರು ದಿನ ಹಿಡಿಯಿತು. ಹದಿನೇಳನೇ ದಿನ ಅವನು ಎರಡನೇ ಗೇರಿನಲ್ಲಿ, ಎಮ್ಮೆ ಹೊಡೆದುಕೊಂಡು ಬಂದಷ್ಟು ನಿಧಾನವಾಗಿ, ಮೂರನೇ ತಿರುವು ದಾಟಿದ. ಗೂಡಿನ ಸುತ್ತ ಏಳೆಂಟು ಡ್ರೈವರುಗಳು ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಹೊರಗೆ ರಸ್ತೆಯಲ್ಲಿ ಹಾರ್ನುಗಳು ಅರಚುತ್ತಿದ್ದವು. ಲಾರಿ ಊರು ಮುಟ್ಟಿದಾಗ ತೆರೆಯ ಮೇಲೆ ಐದರಲ್ಲಿ ಒಂದೇ ಒಂದು ಚುಕ್ಕೆ ಬಂತು, ಬಹಳ ತಡವಾಯಿತೆಂದು.

"ಒಂದ ಚುಕ್ಕಿ ಕೊಟ್ಟೈತಲ್ಲಣ್ಣ!" ಎಂದ ಪಾಲಪ್ಪ.

"ಜೀವ ಉಳದೈತಿ. ಚುಕ್ಕಿ ತಗಂಡು ಹಣಿಗೆ ಹಚ್ಚಿಕೊಳ್ಳಲೇನು?"

ಎಲ್ಲರೂ ನಕ್ಕರು. ಎರ್ರಿಯಪ್ಪ ಏಳಲಿಲ್ಲ. "ಮತ್ತ ಹಚ್ಚು ತಂಗೀ," ಎಂದ. ಒಂದು ಸಲ ದಾಟಿದ್ದು ದಾಟಿದ್ದಲ್ಲ ಎಂಬುದು ಅವನ ಲೆಕ್ಕ. ಸಾಲಾಗಿ ಏಳು ಸಲ ಇಳಿಸಿದ. ನಡುವೆ ಒಮ್ಮೆಯೂ ಕೈ ಗೇರನ್ನು ನ್ಯೂಟ್ರಲ್ಲಿಗೆ ತರಲಿಲ್ಲ. ಏಳನೆಯದು ಮುಗಿದಾಗ ಅವನ ಅಂಗಿಯ ಬೆನ್ನು ಪೂರ್ತಿ ತೊಯ್ದಿತ್ತು. ಸುಮಲತಾ ಅವನಿಗೆ ನೀರಿನ ಚೊಂಬು ಕೊಟ್ಟಳು. ಪರೀಕ್ಷೆಗಳ ಉತ್ತರಗಳಲ್ಲಿ ಅವಳು ಧೈರ್ಯ ಎಂಬ ಪದವನ್ನು ಎಷ್ಟೋ ಕಡೆ ಬರೆದು, ವಿವರಿಸಿ, ಅಂಕ ಪಡೆದಿದ್ದಳು. ಅದು ಹೀಗೆ ತೊಯ್ದ ಅಂಗಿಯಲ್ಲಿ ಕೂತಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಶಂಭುಲಿಂಗನ ಲಾರಿ ಅಷ್ಟರಲ್ಲಿ ಬೇರೆಯವನ ಪಾಲಾಗಿತ್ತು. ಎರ್ರಿಯಪ್ಪ ಗಣಿ ರಸ್ತೆಗೆ ನೀರು ಹೊಡೆಯುವ ಟ್ಯಾಂಕರ್ ಹತ್ತಿದ. ಕೆಲವು ವರ್ಷಗಳ ಮೇಲೆ ಗಣಿಗಳು ನಿಂತಾಗ ಆ ಕೆಲಸವೂ ನಿಂತಿತು. ಅವನೀಗ ಸಂಡೂರಿನ ಒಂದು ಶಾಲೆಯ ಬಸ್ಸು ಓಡಿಸುತ್ತಾನೆ. ಬೆಳಿಗ್ಗೆ ಘಾಟಿ ಹತ್ತಿ, ಸಂಜೆ ನೆತ್ತಿಯಲ್ಲೇ ಎರಡನೇ ಗೇರು ಹಾಕಿ, ನಲವತ್ತೆರಡು ಮಕ್ಕಳನ್ನು ಕೂರಿಸಿಕೊಂಡು ಇಳಿಯುತ್ತಾನೆ.