ತಟ್ಟಿದ ಕೈ ಯಾವುದು

ಅಥವಾ ಅದು ಶನಿವಾರವೇ ಇರಬಹುದು. ಭಾನುವಾರ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ, ಏಕೆಂದರೆ ಭಾನುವಾರ ಕೆಳಗಿನ ಶೆಡ್ಡಿನಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಓಡುವುದಿಲ್ಲ, ಪ್ರೆಸ್ ಓಡದಿದ್ದರೆ, ಅದರ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ಆ ಹುಡುಗ ಹೇಳಿದ್ದು ಸುಳ್ಳಾಗುತ್ತದೆ. ಅವನು ಸುಳ್ಳುಗಾರನಾಗಬೇಕು ಎಂದು ನನಗೆ ಆಸೆ. ಇಂಥ ಆಸೆ ಇರುವವರ ನೆನಪನ್ನು ನಂಬಬಾರದು.

ಜಾಗದ ಬಗ್ಗೆ ಅನುಮಾನವಿಲ್ಲ. ಪೀಣ್ಯ ಎರಡನೇ ಹಂತದಲ್ಲಿ, ಹಿಂದೆ ಗಾರ್ಮೆಂಟ್ಸ್ ಇದ್ದ ಮಹಡಿ. ಹೊಲಿಗೆ ಯಂತ್ರಗಳನ್ನು ಎತ್ತಿದ ಮೇಲೆ ಮ್ಯಾಟ್ ಹಾಸಿ ಬ್ರೆಜಿಲಿಯನ್ ಜಿಯು-ಜಿಟ್ಸು ಕಲಿಸುತ್ತಿದ್ದರು. ನೆಲದ ಮೇಲೆ ಹೊರಳಾಡಿ, ಎದುರಾಳಿಯ ಕೈಯನ್ನೋ ಕತ್ತನ್ನೋ ಸಿಕ್ಕಿಸಿಕೊಂಡು ಸೋಲೊಪ್ಪಿಸುವ ಕುಸ್ತಿ ಅದು. ಸೋತವರು ಅಂಗೈಯಿಂದ ಮ್ಯಾಟನ್ನೋ ಎದುರಾಳಿಯ ಮೈಯನ್ನೋ ತಟ್ಟುತ್ತಾರೆ. ತಟ್ಟಿದ ತಕ್ಷಣ ಬಿಡಬೇಕು. ನಿಮ್ಮ ಮೊಣಕೈಯನ್ನು ಅಪರಿಚಿತನ ತೊಡೆಗಳ ನಡುವೆ ಇಡಲು ನೀವು ಒಪ್ಪುವುದು ಇದೊಂದು ನಂಬಿಕೆಯ ಮೇಲೆ.

ಕೋಚ್ ಇದನ್ನು ಜಿಮ್ ಎನ್ನಲು ಬಿಡುತ್ತಿರಲಿಲ್ಲ. ಫ್ಯಾಮಿಲಿ ಎನ್ನಬೇಕು. ಗೋಡೆಯ ಮೇಲಿದ್ದ, ಈ ಕುಸ್ತಿ ಕಟ್ಟಿದ ಬ್ರೆಜಿಲ್ಲಿನ ಮುದುಕನ ಫೋಟೊಗೆ ಒಳಗೆ ಬರುವಾಗ ತಲೆ ಬಾಗಿಸಬೇಕು. ಆಯುಧಪೂಜೆಯ ದಿನ ಅವನ ಹಣೆಗೂ ಕುಂಕುಮ ಬಿದ್ದಿತ್ತು. ಫ್ಯಾಮಿಲಿಯವರು ಕೋಚ್ ಮಾರುವ ಬಿಳಿ ಜಾಕೆಟನ್ನೇ ಹಾಕಬೇಕು. ಬೇರೆ ಜಿಮ್ಮಿನ ಮ್ಯಾಟ್ ತುಳಿಯಬಾರದು.

ನಾನು ತುಳಿದೆ. ಮೆಷಿನ್ ಟೂಲ್ ಕಂಪನಿಯ ಡ್ರಾಯಿಂಗ್ ವಿಭಾಗದಲ್ಲಿ ನನ್ನ ಕೆಲಸ; ಹೊಸ ಸಾಫ್ಟ್‌ವೇರ್ ಕಲಿಯಲು ಕೆಲವು ವಾರ ವೈಟ್‌ಫೀಲ್ಡ್ ಕಡೆ ಕಳಿಸಿದ್ದರು. ಸಂಜೆ ಟ್ರಾಫಿಕ್ ಇಳಿಯುವ ತನಕ ಏನು ಮಾಡುವುದೆಂದು ಕುಂದಲಹಳ್ಳಿಯ ಒಂದು ಜಿಮ್ಮಿಗೆ ಹೋದೆ. ಅಲ್ಲಿಯವರು ಇಂಟರ್ನೆಟ್ಟಿನಲ್ಲಿ ಗುಂಪಿನ ಫೋಟೊ ಹಾಕಿದರು. ಅದರಲ್ಲಿ ನಾನು ನಗುತ್ತಿದ್ದೆ.

ಮರಳಿ ಬಂದ ದಿನ ಕೋಚ್ ಎಲ್ಲರ ಮುಂದೆ ಕೇಳಿದರು, "ಏನ್ ಮೇಡಂ, ಕುಂದಲಹಳ್ಳೀಲಿ ಏಸಿ ಸಕ್ಕತ್ತಾಗಿತ್ತಾ? ನಮ್ದು ಬರೀ ಫ್ಯಾನು ಕಣ್ರೀ, ಅಡ್ಜಸ್ಟ್ ಮಾಡ್ಕೋಬೇಕು."

ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ.

ಆಮೇಲೆ ಕಟ್ಟಡದ ಮಾಲೀಕರ ಮಗನನ್ನು ಕರೆದು, "ಮಗಾ, ಇವತ್ತು ಮೇಡಂ ಜೊತೆ ನೀನ್ ಆಡು" ಎಂದರು. ಶೆಡ್ಡು, ಮಹಡಿ, ಎದುರಿನ ಗೋಡೌನ್, ಎಲ್ಲವೂ ಒಂದು ಕಾಲಕ್ಕೆ ಅವರ ಮನೆಯ ರಾಗಿ ಹೊಲ. ಅವನಿಗಿಂತ ಹಳಬರು ಇನ್ನೂ ಬಿಳಿ ಬೆಲ್ಟಿನಲ್ಲಿದ್ದಾಗ ಅವನಿಗೆ ಅದರ ಮೇಲಿನ ನೀಲಿ ಬಂದಿತ್ತು. ಕೋಚ್ ಅವನ ಕಿವಿಯ ಹತ್ತಿರ ಬಾಯಿ ಇಟ್ಟು ಏನೋ ಹೇಳಿದರು. ಪ್ರೆಸ್ ಓಡುತ್ತಿದ್ದರೆ ಅಲ್ಲಿ ಎಲ್ಲರೂ ಮಾತಾಡುವುದು ಹಾಗೆಯೇ. ಓಡದ ದಿನ ಕಿವಿಗೇ ಹೇಳುವ ಮಾತೇನಿತ್ತು? ಅದಕ್ಕೇ ನನಗೆ ಭಾನುವಾರ ಬೇಕು.

ಅವನು ಭಾರ. ಸ್ವಲ್ಪ ಹೊತ್ತಿನಲ್ಲೇ ನನ್ನ ಬಲಗೈ ಅವನ ಎದೆಗೆ ಒತ್ತಿಕೊಂಡಿತ್ತು, ಅವನ ಕಾಲುಗಳು ನನ್ನ ಮುಖದ ಮೇಲೂ ಹೊಟ್ಟೆಯ ಮೇಲೂ ಇದ್ದವು. ಬಲಗೈ ನೆಟ್ಟಗಾಗದಂತೆ ಎಡಗೈಯಿಂದ ಹೆಣೆದು ಹಿಡಿದೆ. ಹೆಣಿಗೆ ಬಿಚ್ಚಿತು. ಅವನು ಸೊಂಟ ಎತ್ತಿದ. ಸಂತೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುವಾಗ ಬರುವಂಥ ಸದ್ದು ನನ್ನ ಮೊಣಕೈಯಿಂದ ಬಂತು.

"ಬಿಡೋ!" ಕೂಗಿದೆ.

ಬಿಟ್ಟ. "ಅಯ್ಯೋ ಇಂಗಾಗೋಯ್ತಲ್ಲಕ್ಕ! ತಟ್ಟಿದ್ದು ಕೇಳಿಸ್ಲಿಲ್ಲಕ್ಕ, ಕೆಳ್ಗೆ ಪ್ರೆಸ್ಸು..."

"ಏನೋ ಕೇಳಿಸ್ಲಿಲ್ಲ?" ಕೋಚ್ ಬಂದರು. "ಅವರು ತಟ್ಟೇ ಇಲ್ಲ. ನಾನು ನೋಡ್ತಾನೇ ಇದ್ದೆ."

ಅವನು ನನ್ನ ಮುಖ ನೋಡಿದ, ಕೋಚ್ ಮುಖ ನೋಡಿದ. "ಹೂಂ ಅಕ್ಕ, ತಟ್ಟಿಲ್ಲ ನೀವು. ತಟ್ಟಿದ್ರೆ ಬಿಡ್ತಿರ್ಲಿಲ್ವಾ?"

"ಈಗೋ ಮೇಡಂ, ಈಗೋ. ಚಪ್ಪಲಿ ಜೊತೆ ಅದನ್ನೂ ಹೊರಗೆ ಬಿಟ್ಟು ಬನ್ನಿ ಅಂತ ದಿನಾ ಬಡ್ಕೋತೀನಿ," ಎಂದರು ಕೋಚ್.

ಮೊದಲು ಕೇಳಿಸಲಿಲ್ಲ, ಆಮೇಲೆ ತಟ್ಟಿಯೇ ಇಲ್ಲ. ಈ ಎರಡು ಮಾತುಗಳ ನಡುವೆ ನನ್ನ ಮೊಣಕೈ ಇದೆ. ತಟ್ಟಿದ್ದರೆ ಗೊತ್ತಿದ್ದೂ ಮುರಿದ ಅವನದು ತಪ್ಪು. ತಟ್ಟದಿದ್ದರೆ ಜಂಬಕ್ಕೆ ಮುರಿಸಿಕೊಂಡವಳು ನಾನು. ಅಲ್ಲಿ ಮೂರನೆಯ ದಾರಿ ಇಲ್ಲ.

ತರಗತಿ ಮುಗಿದಾಗ ಬೆಲ್ಟಿನ ಹಿರಿತನದಂತೆ ಸಾಲಾಗಿ ನಿಂತು ಪ್ರತಿಯೊಬ್ಬರ ಕೈ ಕುಲುಕುವುದು ಅಲ್ಲಿನ ಪದ್ಧತಿ. ನಾನು ಎಡಗೈ ಕೊಡುತ್ತಾ ಬಂದೆ. ಮಾಲೀಕರ ಮಗ ನೆಲ ನೋಡುತ್ತಾ ಹಿಡಿದುಕೊಂಡ. ಕೋಚ್ ಹಿಡಿಯಲಿಲ್ಲ.

"ಎಡಗೈ ಕೊಡ್ತೀರಾ? ನಿಮ್ಮನೇಲಿ ಇದನ್ನೇ ಹೇಳ್ಕೊಟ್ಟಿರೋದಾ?"

ಬಲಗೈ ಕೊಟ್ಟೆ. ಕುಲುಕಿದರು. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಅವರೆಲ್ಲರಿಗೂ ನಾನು ಅಕ್ಕ.

ಆ ಸಾಲಿನ ಒಂದೊಂದು ಮುಖದ ಮೇಲೂ ಇವತ್ತಿಗೂ ಸಿಟ್ಟಿದೆ ನನಗೆ. ಅದು ಮಾತ್ರ ಕಲಬೆರಕೆಯಿಲ್ಲದ ನೆನಪು.

ಮೊಣಕೈ ಈಗ ಪೂರ್ತಿ ನೆಟ್ಟಗಾಗುವುದಿಲ್ಲ. ಚಿಕ್ಕಬಾಣಾವರದ ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುವಾಗ ತಂತಿ ಒಂದಿಷ್ಟು ದೂರವೇ ಉಳಿಯುತ್ತದೆ. ಒಂದು ದಿನ ನೆಲದ ಮೇಲೆ ಮಲಗಿ, ಎರಡೂ ಕೈ ಹೆಣೆದುಕೊಂಡು, ಮೆಲ್ಲಗೆ ಎಳೆ ಎಂದು ಗಂಡನಿಗೆ ಹೇಳಿದೆ. ಹೆಣಿಗೆ ಬಿಚ್ಚಿದಾಗ ಎಡಗೈ ತಾನಾಗಿ ಏನು ಮಾಡುತ್ತದೆ ಎಂದು ನೋಡಬೇಕಿತ್ತು.

"ತಲೆ ಕೆಟ್ಟಿದ್ಯಾ ನಿಂಗೆ? ಗೊತ್ತಾಗಿ ಏನ್ ಮಾಡ್ತೀಯ?"

"ಎಳಿ ಅಂದ್ನಲ್ಲ."

ಎಳೆದ. ಹೆಣಿಗೆ ಬಿಚ್ಚಿದಾಗ ನನ್ನ ಎಡಗೈ ಅವನ ಮೊಣಕಾಲಿಗೆ ತಟ್ಟಿತು. ಗೆದ್ದೆ ಅನ್ನಿಸಿತು. ಇನ್ನೊಮ್ಮೆ ಎಳೆಸಿದೆ, ಎಡಗೈ ಮತ್ತೆ ಬಲಗೈಯನ್ನು ಹಿಡಿಯಲು ಹೋಯಿತು. ಮತ್ತೊಮ್ಮೆ ಗಾಳಿಯಲ್ಲಿ ಸುಮ್ಮನೆ ನಿಂತಿತು. ಅವನು ಎದ್ದು ಹಾಲು ಕಾಯಿಸಲು ಹೋದ.

ಮೊಣಕೈ ಮುರಿದ ದಿನ ಯಾವ ವಾರವೋ ಗೊತ್ತಿಲ್ಲ. ಕೋಚ್ ಮಾಲೀಕರ ಮಗನ ಕಿವಿಯಲ್ಲಿ ಏನು ಹೇಳಿದರೋ ಗೊತ್ತಿಲ್ಲ. ನಾನು ತಟ್ಟಿದೆನೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.